ಪದವಿ ಒಂದು ವಿಶ್ವವಿದ್ಯಾನಿಲಯದ್ದು, ನೆನಪು ಇನ್ನೊಂದು ಅಂಗಳದ್ದು: ದಾವಣಗೆರೆ–ಹರಿಹರದ ಹಳೆಯ ವಿದ್ಯಾರ್ಥಿಗಳ ಸಂಭ್ರಮ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ದಾವಣಗೆರೆಯ ಕಾಲೇಜುಗಳ ಅಂಗಳಕ್ಕೆ ತಲೆ ನರೆತ ವಿದ್ಯಾರ್ಥಿಗಳು ಬರುತ್ತಾರೆ. ಇಪ್ಪತ್ತೈದು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷಗಳ ಹಿಂದೆ ಒಂದೇ ಬೆಂಚಿನಲ್ಲಿ ಕುಳಿತವರು ಅಮೆರಿಕದಿಂದ, ದುಬೈಯಿಂದ, ಬೆಂಗಳೂರಿನಿಂದ, ಪಕ್ಕದ ಜಗಳೂರಿನಿಂದ ಬಂದು ಸೇರುತ್ತಾರೆ. ನಿವೃತ್ತ ಅಧ್ಯಾಪಕರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ನೀಡಿ ಗುರುವಂದನೆ ಸಲ್ಲಿಸಲಾಗುತ್ತದೆ. ಬಳಿಕ ಒಬ್ಬೊಬ್ಬರಾಗಿ ಎದ್ದು ನಿಂತು ತಾವು ಈಗ ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ, ಮಕ್ಕಳು ಏನು ಓದುತ್ತಿದ್ದಾರೆ ಎಂದು ಹೇಳಿಕೊಳ್ಳುತ್ತಾರೆ. ಬೆಳಗಿನ ಬೆಣ್ಣೆ ದೋಸೆ, ಸಂಜೆಯ ಮಂಡಕ್ಕಿ–ಮೆಣಸಿನಕಾಯಿಯ ನಡುವೆ ಅರ್ಧ ಶತಮಾನದ ಸುದ್ದಿ ಒಂದೇ ದಿನದಲ್ಲಿ ವಿನಿಮಯವಾಗುತ್ತದೆ.

ಹೀಗೆ ಹೇಳಿಕೊಂಡ ಸುದ್ದಿ ಮರುದಿನ ಎಲ್ಲಿ ಉಳಿಯುತ್ತದೆ? ಯಾರು ಅದನ್ನು ಬರೆದಿಡುತ್ತಾರೆ? ಹೇಳಿಕೊಂಡವರು ಯಾವ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳು? ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಕೊನೆಯ ಪ್ರಶ್ನೆಗೆ ದಾವಣಗೆರೆಯಲ್ಲಿ ಸುಲಭದ ಉತ್ತರವಿಲ್ಲ. ಹಳೆಯ ವಿದ್ಯಾರ್ಥಿಗಳ ಸಾಧನೆಯನ್ನು ಗುರುತಿಸಿ ಗೌರವಿಸುವ ಕೆಲಸ ಇಲ್ಲಿ ವ್ಯವಸ್ಥಿತವಾಗಿ ಬೆಳೆಯಬೇಕಾದರೆ ಮೊದಲು ಈ ತೊಡಕನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ.

ಆರು ವಿಶ್ವವಿದ್ಯಾನಿಲಯಗಳ ಊರು

ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ದಾವಣಗೆರೆ ವಿದ್ಯಾಕೇಂದ್ರವಾಗಿ ಬೆಳೆದದ್ದು ದಾನಿಗಳ ಬಲದಿಂದ. ವ್ಯಾಪಾರದಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಶಾಲೆ, ಕಾಲೇಜು, ಛತ್ರ, ಆಸ್ಪತ್ರೆಗೆ ಕೊಡುವ ಪದ್ಧತಿ ಇಲ್ಲಿನ ವರ್ತಕ ಮನೆತನಗಳಲ್ಲಿ ಹಿಂದಿನಿಂದಲೂ ಇತ್ತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರನ್ನು ಹೊತ್ತ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲಿ ಆರಂಭವಾಯಿತು. ಆಗ ದಾವಣಗೆರೆ ಜಿಲ್ಲಾ ಕೇಂದ್ರವೂ ಆಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿತ್ತು. ರಾಜನಹಳ್ಳಿ ಮನೆತನದ ಧರ್ಮರತ್ನಾಕರ ಮದ್ದೂರಾಯಪ್ಪನವರ ಹೆಸರಿನ ಡಿ.ಆರ್.ಎಂ. ವಿಜ್ಞಾನ ಕಾಲೇಜು ಇದೇ ದಾನಪರಂಪರೆಯ ಇನ್ನೊಂದು ಕುರುಹು.

1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಸ್ಥಾಪನೆಯಾದ ಮೇಲೆ ಊರಿನ ಚಹರೆಯೇ ಬದಲಾಯಿತು. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಮತ್ತು ತಾಂತ್ರಿಕ ವಿದ್ಯಾಲಯ ಬಂದವು. ಅದೇ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ತೋಳಹುಣಸೆಯ ಬಳಿಯ ಇಂದಿನ ‘ಶಿವಗಂಗೋತ್ರಿ’ ಆ ಕೇಂದ್ರದ ಮುಂದುವರಿಕೆ.

ಕಾಲೇಜುಗಳು ಇದ್ದಲ್ಲೇ ಇದ್ದವು. ಅವುಗಳ ಮೇಲಿನ ವಿಶ್ವವಿದ್ಯಾನಿಲಯಗಳು ಮಾತ್ರ ಬದಲಾಗುತ್ತ ಹೋದವು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತದಲ್ಲಿದ್ದ ಈ ಭಾಗ 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ವ್ಯಾಪ್ತಿಗೆ ಬಂದಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷಾ ಕಾಲೇಜುಗಳು ಅದರ ಅಡಿಗೆ ಸರಿದವು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಎಂಜಿನಿಯರಿಂಗ್ ಶಿಕ್ಷಣವನ್ನು ವಹಿಸಿಕೊಂಡಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ ಆರಂಭವಾಗಿ ಕಾನೂನು ಕಾಲೇಜುಗಳು ಅತ್ತ ಹೋದವು. ಅದೇ ವರ್ಷ ಶಿವಗಂಗೋತ್ರಿಯು ದಾವಣಗೆರೆ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರ ಅಸ್ತಿತ್ವ ಪಡೆದು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು.

ಬಿ.ಡಿ.ಟಿ. ಕಾಲೇಜಿನ ಕಥೆ ಇದಕ್ಕೆ ಅತ್ಯುತ್ತಮ ನಿದರ್ಶನ. ಮೈಸೂರು ವಿಶ್ವವಿದ್ಯಾನಿಲಯದ ಪದವಿ ನೀಡುತ್ತಿದ್ದ ಈ ಕಾಲೇಜು ಮುಂದೆ ಕುವೆಂಪು ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಯಿತು. ದಾವಣಗೆರೆ ವಿಶ್ವವಿದ್ಯಾನಿಲಯ ಬಂದಾಗ ಅದರ ತೆಕ್ಕೆಗೆ ಹೋಗಿ, ನಂತರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಗಿ ಮುಂದುವರಿದಿದೆ. ಒಂದೇ ಕಟ್ಟಡ, ಒಂದೇ ವರ್ಕ್‌ಶಾಪ್. ಆದರೆ ತಂದೆಯ ಪದವಿ ಪತ್ರದಲ್ಲಿ ಮೈಸೂರಿನ ಮುದ್ರೆ, ಮಗನದರಲ್ಲಿ ಬೆಳಗಾವಿಯ ಮುದ್ರೆ. ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಪಡೆದವರು ಇವಾವುದರ ಲೆಕ್ಕಕ್ಕೂ ಬರುವುದಿಲ್ಲ. ಅವರ ಪ್ರಮಾಣಪತ್ರ ವಿಶ್ವವಿದ್ಯಾನಿಲಯದಿಂದ ಬರುವಂಥದ್ದಲ್ಲ.

ಮುದ್ರೆ ಬದಲಾದರೆ ನಷ್ಟವೇನು?

ಹೀಗೆ ಆಡಳಿತದ ಅನುಕೂಲಕ್ಕೆ ಆದ ಬದಲಾವಣೆಗಳು ವಿದ್ಯಾರ್ಥಿಗಳ ಸ್ಮೃತಿಯಲ್ಲಿ ಬಿರುಕು ಮೂಡಿಸಿವೆ. ವಿಶ್ವವಿದ್ಯಾನಿಲಯವೊಂದು ತನ್ನ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವಾಗ ತಾನು ಪದವಿ ನೀಡಿದವರನ್ನು ಮಾತ್ರ ಎಣಿಸುತ್ತದೆ. ಆ ಲೆಕ್ಕದಲ್ಲಿ 1985ರಲ್ಲಿ ಶಿವಗಂಗೋತ್ರಿಯ ತರಗತಿಯಲ್ಲಿ ಕುಳಿತು ಎಂ.ಕಾಂ. ಓದಿದವರು ಮೈಸೂರಿನವರು, 1995ರಲ್ಲಿ ಅದೇ ತರಗತಿಯಲ್ಲಿ ಕುಳಿತವರು ಶಂಕರಘಟ್ಟದವರು, 2010ರ ಬಳಿಕದವರು ಮಾತ್ರ ದಾವಣಗೆರೆಯವರು. ಮೈಸೂರಿನ ಮಾನಸಗಂಗೋತ್ರಿಯನ್ನು ಒಮ್ಮೆಯೂ ನೋಡದವರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿರುತ್ತಾರೆ. ಅಲ್ಲಿ ಅವರನ್ನು ಬಲ್ಲವರಿಲ್ಲ. ಇಲ್ಲಿ ಅವರ ದಾಖಲೆಯಿಲ್ಲ.

ಇದು ಭಾವನೆಯ ಪ್ರಶ್ನೆಯಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ, ವೃತ್ತಿ ಪರವಾನಗಿಗೆ ಅಥವಾ ವಲಸೆಗೆ ಅರ್ಜಿ ಹಾಕುವವರು ಅಂಕಪಟ್ಟಿಗಳ ದೃಢೀಕೃತ ಪ್ರತಿಯನ್ನು ಪದವಿ ನೀಡಿದ ವಿಶ್ವವಿದ್ಯಾನಿಲಯದಿಂದಲೇ ತರಿಸಬೇಕು. ದಾವಣಗೆರೆಯಲ್ಲಿ ಓದಿದ ವೈದ್ಯರೊಬ್ಬರು ತಾವು ಪರೀಕ್ಷೆ ಬರೆದ ವರ್ಷವನ್ನು ಅನುಸರಿಸಿ ಮೈಸೂರಿಗೋ, ಶಂಕರಘಟ್ಟಕ್ಕೋ, ಬೆಂಗಳೂರಿಗೋ ಎಡತಾಕಬೇಕಾಗುತ್ತದೆ. ಎಂಜಿನಿಯರ್ ಆದರೆ ಬೆಂಗಳೂರಿನ ಬದಲು ಬೆಳಗಾವಿ. ಈಚಿನ ಪದವಿಗಳು ರಾಷ್ಟ್ರೀಯ ಶೈಕ್ಷಣಿಕ ಠೇವಣಿ ಮತ್ತು ಡಿಜಿಲಾಕರ್ ವ್ಯವಸ್ಥೆಯಲ್ಲಿ ಸಿಗುತ್ತಿರುವುದರಿಂದ ಹೊಸಬರಿಗೆ ಈ ತೊಂದರೆ ಕಡಿಮೆ. ಕೈಬರಹದ ಲೆಡ್ಜರುಗಳ ಕಾಲದಲ್ಲಿ ಓದಿದವರಿಗೆ ಆ ಸೌಲಭ್ಯವಿಲ್ಲ. ಯಾವ ಕಚೇರಿಗೆ, ಯಾವ ನಮೂನೆಯಲ್ಲಿ, ಯಾವ ದಾಖಲೆಯೊಡನೆ ಅರ್ಜಿ ಹಾಕಬೇಕೆಂದು ಬಲ್ಲ ಹಿರಿಯ ಸಹಪಾಠಿಯೊಬ್ಬರ ಮಾತು ಅಂಥ ಹೊತ್ತಿನಲ್ಲಿ ತಿಂಗಳುಗಳ ಅಲೆದಾಟವನ್ನು ಉಳಿಸುತ್ತದೆ.

ಎರಡನೆಯ ನಷ್ಟ ಇಂದಿನ ವಿದ್ಯಾರ್ಥಿಗಳದ್ದು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರಲ್ಲಿ ಮನೆಯ ಮೊದಲ ಪದವೀಧರರು ಅನೇಕರು. ಬಿ.ಎಸ್ಸಿ. ಮುಗಿಸಿದವರು ಮುಂದೆ ಏನೇನು ಆಗಬಹುದು ಎಂಬುದನ್ನು ಅವರಿಗೆ ಮನೆಯಲ್ಲಿ ಹೇಳುವವರಿಲ್ಲ. ತಮ್ಮಂತೆಯೇ ಅದೇ ಬಸ್ಸಿನಲ್ಲಿ ಬಂದು, ಅದೇ ಹಾಸ್ಟೆಲಿನಲ್ಲಿ ಉಂಡು, ಅದೇ ಅಧ್ಯಾಪಕರಿಂದ ಬೈಸಿಕೊಂಡವರು ಎಲ್ಲಿಗೆ ತಲುಪಿದರು ಎಂಬ ಪಟ್ಟಿ ಅವರ ಕಣ್ಣೆದುರು ಇದ್ದರೆ ಅದಕ್ಕಿಂತ ದೊಡ್ಡ ಮಾರ್ಗದರ್ಶನ ಇನ್ನೊಂದಿಲ್ಲ.

ಸಂಭ್ರಮದ ಎರಡು ಬೇರುಗಳು

ಶಿಷ್ಯರು ಒಟ್ಟುಗೂಡಿ ಗೌರವ ಸಲ್ಲಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಬಿ.ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರು ಮತ್ತು ಸ್ನೇಹಿತರು 1941ರಲ್ಲಿ ಅರ್ಪಿಸಿದ ‘ಸಂಭಾವನೆ’ ಕನ್ನಡದ ಆರಂಭಕಾಲದ ಅಭಿನಂದನ ಗ್ರಂಥಗಳಲ್ಲಿ ಒಂದು. ಅಲ್ಲಿಂದೀಚೆಗೆ ಅರವತ್ತು, ಎಪ್ಪತ್ತೈದು, ನಿವೃತ್ತಿ ಎಂಬ ಮೈಲಿಗಲ್ಲುಗಳಿಗೆಲ್ಲ ಗ್ರಂಥಗಳು ಬಂದಿವೆ. ಈ ಪರಂಪರೆಯಲ್ಲಿ ಗೌರವ ಹರಿಯುವ ದಿಕ್ಕು ಒಂದೇ: ಶಿಷ್ಯರಿಂದ ಗುರುವಿನ ಕಡೆಗೆ. ಇಂದಿನ ಗುರುವಂದನಾ ಕಾರ್ಯಕ್ರಮಗಳು ಅದರ ಜನಪ್ರಿಯ ರೂಪ.

ವಿದ್ಯಾಸಂಸ್ಥೆಯೇ ತನ್ನ ಶಿಷ್ಯರ ಬದುಕಿನ ಸುದ್ದಿಯನ್ನು ಹಿಂಬಾಲಿಸುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿ ಹುಟ್ಟಿದ ಸಂಘ ಆ ದೇಶದ ಅತ್ಯಂತ ಹಳೆಯ ಹಳೆಯ ವಿದ್ಯಾರ್ಥಿಗಳ ಸಂಘವೆನಿಸಿದೆ. ಕಾಲೇಜು ಕಷ್ಟದಲ್ಲಿದ್ದಾಗ, ಅದನ್ನು ಉಳಿಸಿಕೊಳ್ಳುವ ಉದ್ದೇಶದಿಂದ ಅದು ಹುಟ್ಟಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1900ರಲ್ಲಿ ಆರಂಭವಾಯಿತು. ಇಂಥ ಪತ್ರಿಕೆಗಳಲ್ಲಿ ಓದುಗರು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಅಲ್ಲಿ ಪದವಿ ಪಡೆದ ವರ್ಷದ ಪ್ರಕಾರ ಯಾರಿಗೆ ಹೊಸ ಹುದ್ದೆ, ಯಾರ ಮದುವೆ, ಯಾರಿಗೆ ಮಗು, ಯಾರ ಪುಸ್ತಕ, ಯಾರ ಮರಣ ಎಂದು ಎರಡು ಮೂರು ಸಾಲುಗಳಲ್ಲಿ ಅಚ್ಚಾಗಿರುತ್ತದೆ. ದೊಡ್ಡ ಪ್ರಶಸ್ತಿಗೂ ಮೊಮ್ಮಗುವಿನ ಜನನಕ್ಕೂ ಅಲ್ಲಿ ಒಂದೇ ಅಳತೆಯ ಜಾಗ.

‘ಅಲಮ್ನಸ್’ ಎಂಬ ಲ್ಯಾಟಿನ್ ಪದಕ್ಕೆ ಸಾಕಿದ ಮಗು ಎಂದು ಮೂಲಾರ್ಥ. ಓದಿದ ಸಂಸ್ಥೆಯನ್ನು ‘ಪೊರೆದ ತಾಯಿ’ ಎಂದು ಆ ಭಾಷೆಯಲ್ಲಿ ಕರೆಯುತ್ತಾರೆ. ಕನ್ನಡದ ‘ಹಳೆಯ ವಿದ್ಯಾರ್ಥಿ’ ಎಂಬ ಮಾತಿನಲ್ಲಿ ಕಾಲ ಸರಿದುಹೋದ ಧ್ವನಿಯಿದೆ. ಸಾಕಿದ ಮಗು ಎನ್ನುವಲ್ಲಿ ಮುಗಿಯದ ಸಂಬಂಧದ ಧ್ವನಿಯಿದೆ. ದಾವಣಗೆರೆಯಲ್ಲಿ ದಾನದ ಹಣದಿಂದ ಕಟ್ಟಿದ ಕಾಲೇಜುಗಳಲ್ಲಿ, ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಿಗೆ ಈ ಎರಡನೆಯ ಅರ್ಥ ಹೆಚ್ಚು ಹತ್ತಿರದ್ದು.

ಯಾರ ಸಾಧನೆ ಕಾಣುತ್ತದೆ, ಯಾರದು ಕಾಣುವುದಿಲ್ಲ?

ಕ್ರೀಡೆ, ರಾಜಕಾರಣ, ಸಿನಿಮಾ ಕ್ಷೇತ್ರದ ಸಾಧನೆಯನ್ನು ಊರಿಗೆ ಯಾರೂ ತಿಳಿಸಬೇಕಾಗಿಲ್ಲ. ದಾವಣಗೆರೆಯಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ತಂಡ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಾಗ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಬಿರುದು ನಾಡಿನ ಎಲ್ಲ ಪತ್ರಿಕೆಗಳಲ್ಲೂ ಮೆರೆಯಿತು. ಅಂಥ ವಿಜಯದ ವಾರ್ತೆ ತಾನಾಗಿಯೇ ಹರಡುತ್ತದೆ. ಸೇತುವೆಯ ವಿನ್ಯಾಸ ಮಾಡಿದವರು, ಜಿಲ್ಲಾಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು, ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಸುದ್ದಿಯಾಗುವುದು ಅಪರೂಪ. ವಿಶ್ವವಿದ್ಯಾನಿಲಯ ಅಥವಾ ಕಾಲೇಜು ಬರೆದಿಡದಿದ್ದರೆ ಅವರ ವೃತ್ತಿಜೀವನ ಬೇರೆಲ್ಲೂ ದಾಖಲಾಗುವುದಿಲ್ಲ.

ಸನ್ಮಾನಿತರ ಪಟ್ಟಿಗಳನ್ನು ಗಮನಿಸಿದರೆ ಕೆಲವು ಒಲವುಗಳು ಎದ್ದು ಕಾಣುತ್ತವೆ. ವಿದೇಶದಲ್ಲಿರುವವರಿಗೆ ಮೊದಲ ಸಾಲು. ಹಿರಿಯ ಅಧಿಕಾರಿಗಳಿಗೆ, ಉದ್ಯಮಿಗಳಿಗೆ ನಂತರದ್ದು. ಊರಲ್ಲೇ ಉಳಿದು ಸಮಾರಂಭಕ್ಕೆ ಶಾಮಿಯಾನ ಹಾಕಿಸಿ, ಊಟದ ವ್ಯವಸ್ಥೆ ನೋಡಿಕೊಂಡವರಿಗೆ ವಂದನಾರ್ಪಣೆಯಲ್ಲಿ ಒಂದು ಸಾಲು. ಸಂಬಳ ಮತ್ತು ಹುದ್ದೆಯ ಅಳತೆಗೋಲಿನಲ್ಲಿ ಕಡಿಮೆ ಎನಿಸಿಕೊಳ್ಳುವೆವೆಂಬ ಅಳುಕಿನಿಂದ ಸಮ್ಮಿಲನದ ಕಡೆ ತಲೆ ಹಾಕದವರೂ ಇದ್ದಾರೆ. ಕೆಲಸ ಕಳೆದುಕೊಂಡವರು, ವ್ಯಾಪಾರದಲ್ಲಿ ಸೋತವರು, ಕಾಯಿಲೆಯಿಂದ ಓದನ್ನು ಅರ್ಧಕ್ಕೆ ಬಿಟ್ಟವರು ವಾಟ್ಸ್ಆ್ಯಪ್ ಗುಂಪಿನಿಂದಲೂ ಮೆಲ್ಲನೆ ಹೊರಗೆ ಹೋಗಿರುತ್ತಾರೆ. ಹೆಚ್ಚು ಒಡನಾಟ ಬೇಕಾದವರೇ ಹೀಗೆ ದೂರ ಸರಿಯುವುದು ಈ ಸಂಭ್ರಮಗಳ ದೊಡ್ಡ ಕೊರತೆ.

ಮಹಿಳೆಯರ ವಿಷಯದಲ್ಲಿ ಕೊರತೆಯ ಸ್ವರೂಪ ಬೇರೆ. ಮದುವೆಯ ನಂತರ ಹೆಸರಿನ ಮೊದಲಕ್ಷರ ಬದಲಾಗುತ್ತದೆ, ಊರು ಬದಲಾಗುತ್ತದೆ, ತವರಿನ ವಿಳಾಸಕ್ಕೆ ಹೋದ ಪತ್ರ ಅಲ್ಲೇ ಉಳಿಯುತ್ತದೆ. ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ತಂದೆಯ ಊರಿನ ಅಕ್ಷರ ಹೊತ್ತ ಹೆಸರಿಗೂ ಇಂದಿನ ಹೆಸರಿಗೂ ಸಂಬಂಧ ಕಲ್ಪಿಸುವವರಿಲ್ಲದೆ ಒಂದು ತಲೆಮಾರಿನ ಪದವೀಧರೆಯರು ಪಟ್ಟಿಯಿಂದ ಜಾರಿಹೋಗಿದ್ದಾರೆ. ಮಕ್ಕಳಿಗಾಗಿ ಹತ್ತು ವರ್ಷ ಮನೆಯಲ್ಲಿದ್ದು ಮತ್ತೆ ವೃತ್ತಿಗೆ ಮರಳಿದ್ದು, ನಲವತ್ತರ ನಂತರ ಪಿಎಚ್.ಡಿ. ಮುಗಿಸಿದ್ದು ಇವೆಲ್ಲ ಯಾವ ಅಳತೆಯಿಂದ ನೋಡಿದರೂ ಮೈಲಿಗಲ್ಲುಗಳೇ. ದಾಖಲಾತಿಯ ಹೆಸರು ಮತ್ತು ಈಗಿನ ಹೆಸರು ಎಂಬ ಎರಡು ಕಾಲಂಗಳನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಈ ಕೊರತೆಯ ಬಹುಪಾಲು ನಿವಾರಣೆಯಾಗುತ್ತದೆ.

ಹರಿಹರದ ಪಾಠ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರ ಈ ವಿಷಯದಲ್ಲಿ ಬೇರೆಯದೇ ಪಾಠ ಹೇಳುತ್ತದೆ. 13ನೆಯ ಶತಮಾನದ ಹರಿಹರೇಶ್ವರ ದೇವಾಲಯದ ಈ ಊರು ತುಂಗಭದ್ರೆಯ ದಡದಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೊಳೆಯ ಆಚೆ ಬದಿ ಮುಂಬಯಿ ಪ್ರಾಂತ್ಯ, ಈಚೆ ಬದಿ ಮೈಸೂರು. ಆಚೆಯ ರಾಣೆಬೆನ್ನೂರಿನ ಕಡೆಯವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ, ಈಚೆಯವರಿಗೆ ಮೈಸೂರು. ಸೇತುವೆ ದಾಟಿದರೆ ವಿಶ್ವವಿದ್ಯಾನಿಲಯವೇ ಬದಲಾಗುತ್ತಿದ್ದ ಊರಿದು.

1941ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ದೇಶದಾದ್ಯಂತ ಹೆಸರಾಗಿತ್ತು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಮನೆಯಲ್ಲಿ ಹಬ್ಬ. ಹೊಳೆಯ ಆಚೆ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಬಂದ ಮೇಲೆ ಅವಕಾಶ ಇನ್ನಷ್ಟು ಹಿಗ್ಗಿತು. ಓದಿದ್ದು, ದುಡಿದದ್ದು, ಮನೆ ಕಟ್ಟಿದ್ದು ಎಲ್ಲವೂ ಇಪ್ಪತ್ತು ಕಿ.ಮೀ. ಅಂತರದೊಳಗೆ ಮುಗಿದ ಬದುಕುಗಳು ಅವು.

2000ದ ದಶಕದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಮುಚ್ಚಿದಾಗ ನಡುವಯಸ್ಸಿನ ಎಂಜಿನಿಯರುಗಳೂ ಕುಶಲ ಕಾರ್ಮಿಕರೂ ಒಮ್ಮೆಲೇ ಬೀದಿಗೆ ಬಂದರು. ಪುಣೆ, ಬೆಂಗಳೂರು, ಕೊಯಮತ್ತೂರಿನ ಕಾರ್ಖಾನೆಗಳಲ್ಲಿ ಕೆಲಸ ಹುಡುಕಬೇಕಾದಾಗ ಇಂಥವರಿಗೆ ಆಸರೆಯಾಗುವುದು ಪರಿಚಯದ ಜಾಲ: ಒಂದೇ ಬ್ಯಾಚಿನವರು, ಒಂದೇ ಹಾಸ್ಟೆಲಿನವರು, ಒಂದೇ ವಿಭಾಗದಲ್ಲಿ ದುಡಿದವರು. ಹಳೆಯ ವಿದ್ಯಾರ್ಥಿ ಸಂಘಗಳ ನಿಜವಾದ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಶಾಲು ಹೊದಿಸುವ ದಿನ ಎಲ್ಲರೂ ಬರುತ್ತಾರೆ. ಕೆಲಸ ಹೋದ ದಿನ ಫೋನ್ ಮಾಡುವಷ್ಟು ಸಲಿಗೆ ಉಳಿಸಿಕೊಂಡ ಸಂಘವೇ ಗಟ್ಟಿಯಾದ ಸಂಘ.

ಕಾರ್ಖಾನೆ ಇಲ್ಲವಾದ ಮೇಲೂ ಅದರ ಸುತ್ತ ಬೆಳೆದ ಶಾಲೆಯಲ್ಲಿ, ಎಸ್.ಜೆ.ವಿ.ಪಿ. ಕಾಲೇಜಿನಲ್ಲಿ ಓದಿದ ಹರಿಹರದ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದಾರೆ. ಅವರ ಪಾಲಿಗೆ ತಂದೆಯ ನಿವೃತ್ತಿಯ ಬೀಳ್ಕೊಡುಗೆ ಎಂಬ ಮೈಲಿಗಲ್ಲು ನಡೆಯಲೇ ಇಲ್ಲ. ಮೂವತ್ತು ವರ್ಷ ಯಂತ್ರ ಕಟ್ಟಿದವರಿಗೆ ವಿದಾಯದ ಹಾರ ಹಾಕುವ ಮೊದಲೇ ಕಾರ್ಖಾನೆಯೇ ವಿದಾಯ ಹೇಳಿತ್ತು. ಇಂಥವರ ವೃತ್ತಿಜೀವನವನ್ನು ಗೌರವಿಸುವ ಹೊಣೆ ಈಗ ಉಳಿದಿರುವುದು ಅವರು ಓದಿದ ಸಂಸ್ಥೆಗಳಿಗೆ ಮಾತ್ರ.

ನಿಯಮಗಳು ಹೇಳುವುದೇನು?

ಕಳೆದ ಕೆಲವು ವರ್ಷಗಳಲ್ಲಿ ಕಾಲೇಜುಗಳು ಹಳೆಯ ವಿದ್ಯಾರ್ಥಿಗಳನ್ನು ಹುಡುಕತೊಡಗಿರುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಅಂದರೆ ‘ನ್ಯಾಕ್’, ಕಾಲೇಜುಗಳಿಗೆ ಶ್ರೇಣಿ ನೀಡಲು ರೂಪಿಸಿದ ಮಾನದಂಡಗಳಲ್ಲಿ ಹಳೆಯ ವಿದ್ಯಾರ್ಥಿಗಳ ತೊಡಗಿಸಿಕೊಳ್ಳುವಿಕೆಗೂ ಸ್ಥಾನ ನೀಡಿತು. ನೋಂದಾಯಿತ ಸಂಘವಿದೆಯೇ, ಅದರಿಂದ ಸಂಸ್ಥೆಗೆ ಏನು ಕೊಡುಗೆ ಬಂದಿದೆ ಎಂಬ ಪ್ರಶ್ನೆಗಳಿಗೆ ಕಾಲೇಜುಗಳು ಉತ್ತರಿಸಬೇಕಾಯಿತು. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಪದವಿ ಪಡೆದು ಕೆಲವು ವರ್ಷಗಳಾದ ಮೇಲೆ ವಿದ್ಯಾರ್ಥಿಗಳು ಏನು ಸಾಧಿಸಬೇಕೆಂಬ ಗುರಿಗಳನ್ನು ಕೋರ್ಸುಗಳೇ ಮೊದಲಾಗಿ ಬರೆದಿಡಬೇಕೆಂದು ಕೇಳುತ್ತದೆ. ಹಳಬರು ಎಲ್ಲಿದ್ದಾರೆಂದು ತಿಳಿಯದೆ ಆ ಗುರಿ ಮುಟ್ಟಿತೇ ಎಂದು ಹೇಳುವುದು ಅಸಾಧ್ಯ.

ಸಂಘ ಕಟ್ಟುವುದು ಕಷ್ಟದ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಹೆಸರು, ಧ್ಯೇಯೋದ್ದೇಶ, ಬೈಲಾ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಿ ನೋಂದಾಯಿಸಿಕೊಳ್ಳಬಹುದು. ಆದರೆ ಪ್ರತಿವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ವಾರ್ಷಿಕ ದಾಖಲೆ ಸಲ್ಲಿಕೆ ತಪ್ಪದೆ ನಡೆಯಬೇಕು. ಬೆಳ್ಳಿಹಬ್ಬದ ಹುರುಪಿನಲ್ಲಿ ನೋಂದಣಿಯಾಗಿ ಮೂರನೆಯ ವರ್ಷಕ್ಕೆ ಸಭೆಯೇ ನಡೆಯದ ಸಂಘಗಳಿಗೆ ನಾಡಿನಲ್ಲಿ ಬರವಿಲ್ಲ.

ವಿದೇಶದಲ್ಲಿರುವವರಿಂದ ಹಣ ಪಡೆಯುವಾಗ ಎಚ್ಚರ ಹೆಚ್ಚು ಬೇಕು. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣವನ್ನು ವಿದೇಶಿ ವಂತಿಗೆ ಎಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರೆಂಬ ಕಾರ್ಡ್ ಹೊಂದಿದ್ದರೂ, ವಿದೇಶಿ ಮೂಲವೇ ಆಗುತ್ತಾರೆ. ಅವರಿಂದ ದೇಣಿಗೆ ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ ಬರಬೇಕು. ಒಂದೇ ಬ್ಯಾಚಿನ ಇಬ್ಬರು ಗೆಳೆಯರು ಅದೇ ಅಮೆರಿಕದ ಊರಿನಿಂದ ಕಳುಹಿಸಿದ ಸಮಾನ ಮೊತ್ತಕ್ಕೆ ಕಾನೂನು ಎರಡು ಬಗೆಯ ದಾರಿ ತೋರಿಸುತ್ತದೆ ಎಂಬುದು ಸಂಘದ ಖಜಾಂಚಿಗಳಿಗೆ ತಿಳಿದಿರಬೇಕು.

ಖಾಸಗಿ ಸುದ್ದಿಯ ಪ್ರಕಟಣೆಯೂ ಈಗ ಲಘುವಾಗಿ ಕಾಣುವ ಸಂಗತಿಯಲ್ಲ. ಮದುವೆ, ಮಗು, ಕಾಯಿಲೆ, ವಿಳಾಸ, ದೂರವಾಣಿ ಸಂಖ್ಯೆ ಇವು ವೈಯಕ್ತಿಕ ವಿವರಗಳು. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾಯ್ದೆಯನ್ನು ಅಂಗೀಕರಿಸಿದೆ; ಒಪ್ಪಿಗೆ ಅದರ ಮುಖ್ಯ ತತ್ವಗಳಲ್ಲಿ ಒಂದು. ಕಾಯ್ದೆಯ ಮಾತು ಹಾಗಿರಲಿ, ವಿಚ್ಛೇದನವಾದವರ ಹಳೆಯ ಮದುವೆಯ ಚಿತ್ರವನ್ನು ಅಭಿನಂದನೆಯೆಂದು ಹಂಚುವುದರಿಂದ ಆಗುವ ನೋವಿಗೆ ಯಾವ ಕಾಯ್ದೆಯೂ ಮದ್ದಲ್ಲ. ಕೇಳಿ ಪ್ರಕಟಿಸುವುದು ಶಿಷ್ಟಾಚಾರ.

ಮುಂದಿನ ದಾರಿ

ತೊಡಕು ಗೊತ್ತಾದ ಮೇಲೆ ಪರಿಹಾರ ಕಷ್ಟವಲ್ಲ. ಮೊದಲನೆಯದಾಗಿ, ಪದವಿ ನೀಡಿದ ವಿಶ್ವವಿದ್ಯಾನಿಲಯ ಯಾವುದೇ ಇರಲಿ, ಓದಿದ ಅಂಗಳವೇ ಪಟ್ಟಿಯ ಆಧಾರವಾಗಬೇಕು. ಶಿವಗಂಗೋತ್ರಿಯಲ್ಲಿ 1979ರಿಂದ ಓದಿದ ಎಲ್ಲರನ್ನೂ ದಾವಣಗೆರೆ ವಿಶ್ವವಿದ್ಯಾನಿಲಯ ತನ್ನ ಮಕ್ಕಳೆಂದು ಒಪ್ಪಿಕೊಂಡರೆ ಅದರ ಪರಂಪರೆಗೆ ಮೂರು ದಶಕಗಳ ಆಯುಷ್ಯ ಹೆಚ್ಚುತ್ತದೆ. ಮೈಸೂರು, ಕುವೆಂಪು ವಿಶ್ವವಿದ್ಯಾನಿಲಯಗಳಿಗೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಎರಡನೆಯದಾಗಿ, ಪಟ್ಟಿಯನ್ನು ಪದವಿ ಪಡೆದ ವರ್ಷಕ್ಕಿಂತ ಸೇರಿದ ವರ್ಷದ ಪ್ರಕಾರ ಮಾಡುವುದು ನ್ಯಾಯ. ಆಗ ಅನುತ್ತೀರ್ಣರಾದವರು, ಬಡತನದಿಂದ ಬಿಟ್ಟುಹೋದವರು, ತಡವಾಗಿ ಮುಗಿಸಿದವರು ತಮ್ಮ ಗೆಳೆಯರ ಸಾಲಿನಲ್ಲೇ ಉಳಿಯುತ್ತಾರೆ. ಪ್ರವೇಶ ದಾಖಲಾತಿ ಪುಸ್ತಕಗಳು ಕಾಲೇಜಿನ ಕಪಾಟುಗಳಲ್ಲೇ ಇರುವುದರಿಂದ ಇದಕ್ಕೆ ಯಾವ ವಿಶ್ವವಿದ್ಯಾನಿಲಯದ ಬಾಗಿಲನ್ನೂ ತಟ್ಟಬೇಕಿಲ್ಲ. ಗೆದ್ದಲಿಗೆ ಆಹಾರವಾಗುವ ಮೊದಲು ಆ ಪುಸ್ತಕಗಳ ಛಾಯಾಪ್ರತಿ ತೆಗೆದಿಡುವುದು ತುರ್ತು ಕೆಲಸ.

ಮೂರನೆಯದಾಗಿ, ಸುದ್ದಿ ಸಂಗ್ರಹಕ್ಕೆ ಪ್ರತಿ ಬ್ಯಾಚಿಗೆ ಒಬ್ಬರು ಹೊಣೆಗಾರರಿರಬೇಕು. ವರ್ಷಕ್ಕೆ ಎರಡು ಬಾರಿ ತಮ್ಮ ಗೆಳೆಯರನ್ನು ವಿಚಾರಿಸಿ ಎರಡೆರಡು ಸಾಲು ಬರೆದುಕೊಟ್ಟರೆ ಸಾಕು. ಬಡ್ತಿ, ಪ್ರಶಸ್ತಿ, ಪುಸ್ತಕ, ನಿವೃತ್ತಿ ಜೊತೆಗೆ ಮೊಮ್ಮಕ್ಕಳ ಸುದ್ದಿ, ಕಾಯಿಲೆಯಿಂದ ಚೇತರಿಸಿಕೊಂಡ ಸುದ್ದಿ, ಅಗಲಿದವರ ಸ್ಮರಣೆಗೂ ಅದೇ ಪುಟದಲ್ಲಿ ಜಾಗವಿರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗ್ಗೆ ಬಂದ ಸುದ್ದಿ ಸಂಜೆಗೆ ಶುಭಾಶಯಗಳ ರಾಶಿಯಡಿ ಹೂತುಹೋಗುತ್ತದೆ. ಮೊಬೈಲ್ ಬದಲಾದರೆ ಕಳೆದೇ ಹೋಗುತ್ತದೆ. ಅಚ್ಚಾದ ಕಿರುಹೊತ್ತಿಗೆ ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯುತ್ತದೆ.

ನಾಲ್ಕನೆಯದಾಗಿ, ಸಾಧಕರು ಬಂದ ದಿನ ವೇದಿಕೆಯ ಮೇಲಿನ ಸನ್ಮಾನಕ್ಕೆ ಒಂದು ಗಂಟೆ ಮೀಸಲಿಟ್ಟರೆ, ಇಂದಿನ ವಿದ್ಯ��ರ್ಥಿಗಳೊಡನೆ ತರಗತಿಯಲ್ಲಿ ಕೂರುವುದಕ್ಕೆ ಎರಡು ಗಂಟೆ ಮೀಸಲಿಡಬೇಕು. ಮೊದಲ ಸಂದರ್ಶನದಲ್ಲಿ ಇಂಗ್ಲಿಷ್ ಬಾರದೆ ತಡವರಿಸಿದ್ದು, ಮೂರು ಬಾರಿ ಪರೀಕ್ಷೆ ಬರೆದದ್ದು, ಮೊದಲ ಸಂಬಳ ಊರಿಗೆ ಕಳುಹಿಸಿದ್ದು ವೇದಿಕೆಯ ಪರಿಚಯ ಭಾಷಣದಲ್ಲಿ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಬೇಕಾದದ್ದು ಆ ವಿವರಗಳೇ.

ದಾವಣಗೆರೆಯ ಕಾಲೇಜುಗಳನ್ನು ಕಟ್ಟಿದ ದಾನಿಗಳಿಗೆ ತಮ್ಮ ಹಣದಿಂದ ಓದುವವರು ಮುಂದೆ ಏನಾಗುವರೆಂದು ತಿಳಿಯುವ ಯಾವ ದಾರಿಯೂ ಇರಲಿಲ್ಲ. ಹತ್ತಿಯ ಲಾಭದ ಒಂದು ಪಾಲನ್ನು ಅವರು ನಂಬಿಕೆಯ ಮೇಲೆ ಕೊಟ್ಟರು. ಆ ನಂಬಿಕೆ ಯಾವ ಯಾವ ಊರಿನಲ್ಲಿ, ಯಾವ ಯಾವ ವೃತ್ತಿಯಲ್ಲಿ, ಯಾರ ಯಾರ ಮನೆಯಲ್ಲಿ ಫಲ ಕೊಟ್ಟಿದೆ ಎಂಬ ಲೆಕ್ಕವನ್ನು ಇಂದಿನವರು ಬರೆದಿಟ್ಟರೆ, ಅದು ಆ ಹಿರಿಯರಿಗೆ ಒಪ್ಪಿಸುವ ವರದಿಯೂ ಆದೀತು.